ನಾಲ್ಕೂ ಹಾಳೆಯಲ್ಲಿ ಅದೇ ಎಮ್ಮೆ

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿರಬೇಕು. ಮಗಳು ಕೊಟ್ಟೂರಿನಲ್ಲೇ ಬಿ.ಎ. ಕೊನೆಯ ವರ್ಷ ಓದುತ್ತಿದ್ದಳು. ಇಂಟರ್ನೆಟ್ ನೋಡಬೇಕೆಂದರೆ ಬಸ್ ಸ್ಟ್ಯಾಂಡಿನ ಹತ್ತಿರದ ಸೈಬರ್ ಕೆಫೆಗೇ ಹೋಗಬೇಕಿತ್ತು. ಉದ್ದನೆಯ ಒಂದು ಕೋಣೆ, ಪ್ಲೈವುಡ್ಡಿನ ಗೂಡುಗಳು, ಗೂಡಿಗೊಂದು ಪರದೆ. ಹೆಣ್ಣುಹುಡುಗಿ ಪರದೆಯ ಹಿಂದೆ ಒಬ್ಬಳೇ ಕೂರುವುದು ನಮ್ಮ ಅತ್ತೆಗೆ ಸರಿಬರಲಿಲ್ಲ. ಹಾಗಾಗಿ ನಾನೂ ಜೊತೆಗೆ. ಅವಳು ಗೂಡಿನೊಳಗೆ, ನಾನು ಬಾಗಿಲ ಬಳಿ ಸ್ಟೂಲಿನ ಮೇಲೆ, ಮಡಿಲಲ್ಲಿ ಮೆಂತೆ ಸೊಪ್ಪು. ಕೆಫೆಯವನು ಸಜ್ಜನ. ನಾನು ಬಂದ ಕೂಡಲೇ ಟೇಬಲ್ ಫ್ಯಾನಿನ ಮುಖ ನನ್ನ ಕಡೆ ತಿರುಗಿಸುತ್ತಿದ್ದ. ಇಂಥ ಸಣ್ಣ ಉಪಕಾರಗಳನ್ನು ನಾನು ಮರೆಯುವುದಿಲ್ಲ. ಸಂಜೆ ದೀಪ ಹಚ್ಚುವಾಗ ಒಂದೊಂದನ್ನೂ ಶಿವನಿಗೆ ಒಪ್ಪಿಸುವುದು ನನ್ನ ರೂಢಿ.

ಆ ವರ್ಷ ಕಾಲೇಜಿನಲ್ಲಿ ಎಲ್ಲರೂ ತಮ್ಮ ಸೀಮೆಯ ಮೇಲೆ ಒಂದು ಪ್ರಾಜೆಕ್ಟ್ ಬರೆಯಬೇಕಿತ್ತು. ಚೆನ್ನಾಗಿ ಬಂದ ಒಂದನ್ನು ಆರಿಸಿ, ಬರೆದವರನ್ನು ಬಳ್ಳಾರಿಯ ವಿದ್ಯಾರ್ಥಿ ಸಭೆಗೆ ಕಳಿಸುತ್ತೇವೆ ಎಂದು ಇತಿಹಾಸದ ಮೇಡಂ ಹೇಳಿದ್ದರು. ಮಗಳು ನಮ್ಮ ಕಡೆಯ ಹಳೆಯ ಕೆರೆಗಳ ಮೇಲೆ ಬರೆಯುತ್ತೇನೆಂದು ಒಪ್ಪಿಕೊಂಡು ಬಂದಳು. ಅವಳಿಗೆ ಬಳ್ಳಾರಿ ಯಾಕೆ ಬೇಕಿತ್ತೆಂದರೆ, ಅವರಪ್ಪ ಒಂದು ಮಾತು ಆಡಿದ್ದರು.

"ಬಳ್ಳಾರಿಗೆ ಆರಿಸಿದ್ರ ಎಂ.ಎ. ಮಾತು ತಗಿ. ಇಲ್ಲಾಂದ್ರ ನಿಮ್ಮಜ್ಜಿ ನೋಡಿದ ಹರಪನಹಳ್ಳಿ ಹುಡುಗನ ಮನಿಯವ್ರಿಗೆ ಬರ್ರಿ ಅಂತ ಹೇಳಿ ಕಳಸ್ತೀನಿ."

ಅಜ್ಜಿ ಅಂದರೆ ನಮ್ಮ ಅತ್ತೆ. ಆ ಹುಡುಗ ಒಳ್ಳೆಯವನೆಂದು ಅವರಿಗೆ ನಾಲ್ಕು ಕಡೆಯಿಂದ ಸುದ್ದಿ ಬಂದಿತ್ತು. ಮಗಳಿಗೆ ಮದುವೆ ಬೇಡವೆಂದಲ್ಲ, ಓದು ಮುಗಿದಿಲ್ಲ ಎಂಬುದು ಅವಳ ತಕರಾರು. ನಾನು ನಡುವೆ ಬಾಯಿ ಹಾಕಲಿಲ್ಲ. ಪೂಜೆಗೆ ಕೂತಾಗ ಮಾತ್ರ ಅಂಗೈಯಲ್ಲಿದ್ದ ಲಿಂಗಕ್ಕೆ, ಈ ಹುಡುಗಿ ಪಾಲಿಗೆ ಏನು ಒಳ್ಳೆಯದೋ ಅದನ್ನೇ ಮಾಡಪ್ಪ ಅನ್ನುತ್ತಿದ್ದೆ. ನನ್ನ ಮನಸ್ಸು ಯಾವ ಕಡೆಗಿತ್ತೆಂಬುದು ಅವನಿಗೆ ಗೊತ್ತೇ ಇತ್ತು.

ಮೊದಲ ಕೆಲವು ದಿನ ಕೆರೆಗಳ ಬಗ್ಗೆ ಹೇಳಿಕೊಳ್ಳುವಂಥದ್ದೇನೂ ಸಿಗಲಿಲ್ಲ. ಕೂಡ್ಲಿಗಿ ಕಡೆಯ ಒಂದು ಕೆರೆ ಸಿಕ್ಕಿತು, ಹಡಗಲಿ ಕಡೆಯ ಇನ್ನೊಂದು. ಅವೂ ಎರಡೆರಡು ಸಾಲು. ಒಂದು ಸಂಜೆ ಪರದೆ ಸರಿಸಿ ಹೊರಗೆ ಬಂದವಳ ಮುಖ ಅರಳಿತ್ತು.

"ಅವ್ವಾ, ನಿಮ್ಮೂರು ಐತಿ ಇದ್ರಾಗ."

ನನ್ನ ತವರು ಚಿಗಟೇರಿಯಿಂದ ಆಚೆಗೆ, ಬಸ್ ಇಳಿದು ನಡೆಯಬೇಕಾದ ಸಣ್ಣ ಊರು. ಊರ ಮುಂದೆ ಒಂದು ಕೆರೆ. ಕಂಪ್ಯೂಟರಿನಲ್ಲಿ ಕಾಣಿಸಿಕೊಳ್ಳುವಂಥದ್ದು ಅಲ್ಲೇನಿದೆ ಎಂದು ನಾನು ಸೊಪ್ಪು ಬಿಟ್ಟು ಎದ್ದೆ. ಇಂಗ್ಲಿಷಿನಲ್ಲಿತ್ತು. ಅವಳು ಓದಿ ಕನ್ನಡದಲ್ಲಿ ಹೇಳಿದಳು. ಆ ಕೆರೆಯ ತೂಬಿನ ಬುಡದಲ್ಲಿ ಕಂಚಿನ ಬಾಗಿಲಿದೆಯಂತೆ. ಬಾಗಿಲ ಹಿಂದೆ ಸುರಂಗ. ಸುರಂಗ ಹೋಗಿ ಸೇರುವುದು ನೀಲಗುಂದದ ಭೀಮೇಶ್ವರನ ಗುಡಿಗೆ.

ನಮ್ಮಪ್ಪ ಹೇಳುತ್ತಿದ್ದ ಮಾತು ಅದು, ಕಂಚಿನ ಬಾಗಿಲು ಸಮೇತ. ಅಪ್ಪ ತೀರಿಕೊಂಡು ಆಗಲೇ ಬಹಳ ವರ್ಷವಾಗಿತ್ತು. ಮದುವೆಯಾದ ಹೊಸತರಲ್ಲಿ ನಾನು ಸುರಂಗದ ಸುದ್ದಿ ಎತ್ತಿದಾಗ ಯಜಮಾನರು ನಕ್ಕು ನಕ್ಕು, "ನಿಮ್ಮೂರಿಂದ ನೀಲಗುಂದಕ್ಕ ಬಸ್ಸಿನ್ಯಾಗ ಹೋಗಾಕ ಅರ್ಧ ದಿನ ಬೇಕು, ಸುರಂಗ ಯಾವ ಪುಣ್ಯಾತ್ಮ ತೋಡಿದ್ದ" ಎಂದಿದ್ದರು. ಈಗ ನೋಡಿದರೆ ಕಂಪ್ಯೂಟರೇ ಹೇಳುತ್ತಿದೆ.

"ಒಂದಽ ಕಡಿ ಅಲ್ಲವ್ವ, ನಾಲ್ಕು ಕಡಿ ಐತಿ," ಎಂದಳು ಮಗಳು.

ಕೆಫೆಯವನೂ ದನಿಗೂಡಿಸಿದ. "ಇಂಟರ್ನೆಟ್ಟಿನ್ಯಾಗ ನಾಲ್ಕು ಕಡಿ ಐತಿ ಅಂದ್ರ ಮುಗೀತು ಬಿಡ್ರಿ ಅಮ್ಮಾರೆ. ಕೋರ್ಟಿನ್ಯಾಗ ಎರಡು ಸಾಕ್ಷಿ ಕೇಳ್ತಾರ, ನಿಮಗ ನಾಲ್ಕು ಸಿಕ್ಕಾವು."

ನಾಲ್ಕೂ ಹಾಳೆ ಪ್ರಿಂಟ್ ತೆಗೆಸಿಕೊಂಡೆವು. ಕೊನೆಯ ಹಾಳೆ ಹೊರಗೆ ಬಂತು, ಕರೆಂಟು ಹೋಯಿತು. ಅದೂ ಒಂದು ಉಪಕಾರವೇ. ಮನೆಗೆ ಬಂದವಳೇ ಕಾಲು ತೊಳೆದು ಹಾಳೆಗಳನ್ನು ದೇವರಮನೆಯ ಜಗಲಿಯ ಮೇಲೆ ದೇವರ ಮುಂದಿಟ್ಟೆ. ವಿಭೂತಿ ಗಟ್ಟಿಯನ್ನು ಭಾರಕ್ಕೆ ಇಟ್ಟೆ, ಗಾಳಿಗೆ ಹಾರದಿರಲೆಂದು. ಅಪ್ಪನ ಮಾತು ಅಚ್ಚಾಗಿ ಬಂದಿದೆ, ಇನ್ನೆಲ್ಲಿ ಇಡಲಿ?

ಬೆಳಿಗ್ಗೆ ಮಗಳು ಅವನ್ನು ಎತ್ತಿಕೊಂಡಾಗ ಮೂಲೆಗೆ ದೀಪದ ಎಣ್ಣೆ ತಾಗಿತ್ತು.

"ಅವ್ವಾ, ಇದು ನೋಟ್ಸು. ಪ್ರಸಾದ ಅಲ್ಲ."

ಓಣಿಯಲ್ಲಿ ನಾನು ಹೇಳದ ಮನೆ ಉಳಿಯಲಿಲ್ಲ. ತವರಿನಲ್ಲಿರುವ ಅಣ್ಣನಿಗೂ ಫೋನ್ ಮಾಡೋಣವೆಂದರೆ ಆ ಊರ ಫೋನು ಕೆಟ್ಟಿತ್ತು. ಮಗಳು ಆ ಅಧ್ಯಾಯವನ್ನೇ ಮೊದಲು ಬರೆದು, ಮೇಡಂಗೆ ತೋರಿಸಲು ಒಯ್ದಳು. ಸಂಜೆ ಬಂದವಳು ಚೀಲ ಮೂಲೆಗೆ ಹಾಕಿ ಚಹಾ ಕೂಡ ಕೇಳದೆ ಕೂತಳು.

"ಯಾಕ?" ಎಂದೆ.

"ಮೇಡಮ್ಮಾರಿಗೆ ಭಾಳ ಸೇರೇತಿ. ಆದ್ರ ಯಾರು ಬರದಾರ, ಅವ್ರಿಗೆ ಯಾರು ಹೇಳ್ಯಾರ ಅಂತ ಕೇಳಿದ್ರು. ಗೊತ್ತಿಲ್ರಿ, ನಾಲ್ಕು ವೆಬ್‌ಸೈಟಿನ್ಯಾಗ ಐತಿ ಅಂದೆ. ನಾಲ್ಕು ಕಡಿ ಇದ್ರ ನಾಲ್ಕು ಆಧಾರ ಆಗಲ್ಲ, ಒಬ್ರನ್ನ ನೋಡಿ ಮೂರು ಮಂದಿ ಬರದಿರಬೌದು, ಹುಡುಕ್ಕೊಂಡು ಬಾ ಅಂದ್ರು."

ನನಗೆ ಮೇಡಂ ಮೇಲೆ ಸ್ವಲ್ಪ ಸಿಟ್ಟು ಬಂತು. "ನಾಲ್ಕು ಮಂದಿ ಸುಳ್ಳು ಹೇಳ್ತಾರೇನು? ನಮ್ಮಪ್ಪ ಸುಳ್ಳು ಹೇಳ್ತಿದ್ದನೇನು?"

ಯಜಮಾನರು ಎಲೆಗೆ ಸುಣ್ಣ ಹಚ್ಚುತ್ತಾ ಕೂತಿದ್ದರು. ತುಟಿ ಸಂದಿಯಲ್ಲಿ ನಗು ಕಂಡಾಗಲೇ ಏನು ಹೇಳುತ್ತಾರೆಂದು ನನಗೆ ಗೊತ್ತಾಯಿತು.

"ನಿಮ್ಮಜ್ಜ ಸುಳ್ಳು ಹೇಳಾವಲ್ಲ ಬಿಡು. ಸುಳ್ಳು ಕೇಳಾವ," ಎಂದು ಮಗಳ ಕಡೆ ತಿರುಗಿದರು. "ನನ್ನ ವಿಚಾರ ಮಾಡಾಕ ಬಂದಾಗ ಏನಾತು, ಗೊತ್ತೈತೇನು?"

ನಮ್ಮಲ್ಲಿ ಹುಡುಗನ ಮನೆಗೆ ಹೋಗುವ ಮುಂಚೆ ಹೆಣ್ಣಿನ ತಂದೆ ಸದ್ದಿಲ್ಲದೆ ಆ ಊರಿಗೆ ಹೋಗಿ ನಾಲ್ಕು ಜನರ ಹತ್ತಿರ ವಿಚಾರಿಸುವುದುಂಟು. ಹುಡುಗ ಹೇಗೆ, ಮನೆ ಹೇಗೆ, ಕುಡಿತ ಪಡಿತ ಏನಾದರೂ ಇದೆಯೇ ಎಂದು. ಅಪ್ಪನೂ ಕೊಟ್ಟೂರಿಗೆ ಬಂದು ಗುಡಿಯ ಮುಂದೆ ಒಬ್ಬರನ್ನು, ಬಟ್ಟೆ ಅಂಗಡಿಯಲ್ಲಿ ಒಬ್ಬರನ್ನು, ಹಿಟ್ಟಿನ ಗಿರಣಿಯಲ್ಲಿ ಒಬ್ಬರನ್ನು ಕೇಳಿದ್ದ. ಮೂವರದೂ ಒಂದೇ ಮಾತು. ಹುಡುಗ ಬಂಗಾರ, ಹೊಲದಲ್ಲಿ ಬಾವಿ ಇದೆ, ಎಲೆ ಅಡಿಕೆ ಸಹ ಮುಟ್ಟುವುದಿಲ್ಲ. ಮೂರು ಜಾಗ, ಮೂರು ಜನ, ಒಂದೇ ಮಾತು ಅಂದಮೇಲೆ ಅಪ್ಪ ಅಲ್ಲೇ ಮನಸ್ಸು ಮಾಡಿಬಿಟ್ಟ.

"ಮೂರೂ ಮಂದಿಗೆ ಹೇಳಿಕೊಟ್ಟಿದ್ದು ನಮ್ಮ ಸೋದರಮಾವ," ಎಂದರು ಯಜಮಾನರು, ಎಲೆ ಮಡಿಚಿ ಬಾಯಿಗಿಡುತ್ತಾ. "ನಿಮ್ಮಜ್ಜ ಬಸ್ ಇಳಿದಿದ್ದು ನೋಡಿ, ಮುಂದ ಮುಂದ ಓಡಿ ಹೋಗಿ ಹೇಳಿ ಬಂದಿದ್ದ. ಬಾವಿ ಇತ್ತು, ಖರೇ. ನೀರಿರಲಿಲ್ಲ."

"ಎಲಿ ಅಡಿಕಿ?" ಎಂದಳು ಮಗಳು, ಅವರ ಕೆಂಪು ಬಾಯಿ ನೋಡುತ್ತಾ.

"ಅದನ್ನ ನಿಮ್ಮವ್ವನ್ನ ಕೇಳು."

ಅವಳು ನಕ್ಕಳು. ನಾನೂ ನಕ್ಕೆ. ಸಾಕ್ಷಿ ಸುಳ್ಳಾದರೂ ಗಂಡ ಒಳ್ಳೆಯವನು ಸಿಕ್ಕ. ಅದು ಅಪ್ಪನ ಜಾಣತನವಲ್ಲ, ಶಿವನ ಕೃಪೆ. ಆದರೆ ಮಗಳು ನಗುನಗುತ್ತಲೇ ಎದ್ದು ಚೀಲದಿಂದ ನಾಲ್ಕೂ ಹಾಳೆ ತೆಗೆದು ನೆಲದ ಮೇಲೆ ಸಾಲಾಗಿ ಹಾಸಿದಳು. ಒಂದೊಂದರ ಮೇಲೂ ಬೆರಳಾಡಿಸುತ್ತಾ ಹೋದಳು.

"ಅವ್ವಾ, ಇಲ್ಲಿ ಬಾ. ಈ ಫೋಟೋ ನೋಡು."

ನಾಲ್ಕೂ ಹಾಳೆಯಲ್ಲಿ ಕೆರೆಯ ಫೋಟೋ ಇತ್ತು. ಕಪ್ಪು ಬಿಳುಪು, ಮಸುಕು. ಒಂದರಲ್ಲಿ ದೊಡ್ಡದು, ಒಂದರಲ್ಲಿ ಸಣ್ಣದು, ಒಂದರಲ್ಲಿ ಅಂಚು ಕತ್ತರಿಸಿದ್ದು. ಆದರೆ ನಾಲ್ಕರಲ್ಲೂ ತೂಬಿನ ಪಕ್ಕ ನೀರಿನಲ್ಲಿ ಒಂದು ಎಮ್ಮೆ ನಿಂತಿತ್ತು, ಮುಖ ಈ ಕಡೆ ಮಾಡಿಕೊಂಡು.

"ನಾಲ್ಕೂ ಕಡಿ ಅದಽ ಎಮ್ಮಿ," ಎಂದಳು ಅವಳು. "ನಾಲ್ಕು ಮಂದಿ ಹೋಗಿಲ್ಲವ್ವ. ಒಬ್ಬನಽ ಹೋಗ್ಯಾನ. ಉಳಿದವ್ರು ಅವನ್ದು ತಗೊಂಡಾರ."

ನಾನು ಹಾಳೆಯನ್ನು ಬೆಳಕಿಗೆ ಹಿಡಿದೆ. ಎಮ್ಮೆಯ ಎಡಗೊಂಬು ಕೆಳಕ್ಕೆ ಬಾಗಿ ಕೆನ್ನೆಗೆ ಅಂಟಿಕೊಂಡಿತ್ತು. ತವರಿಗೆ ಹೋದಾಗ ಆ ಕೊಂಬಿಗೆ ನಾನೇ ಎಷ್ಟು ಸಲ ಎಣ್ಣೆ ಹಚ್ಚಿದ್ದೇನೆ.

"ಇದು ನಮ್ಮಣ್ಣನ ಎಮ್ಮಿ," ಎಂದೆ.

ಬರುವ ಭಾನುವಾರವೇ ಇಬ್ಬರೂ ಹೊರಟೆವು. ಬಸ್ಸಿನಲ್ಲಿ ಸೀಟು ಸಿಕ್ಕಿತು. ಅಣ್ಣ ಹೊಲದಿಂದ ಬಂದು ಕಾಲು ತೊಳೆಯುತ್ತಿದ್ದ. ಮಗಳು ಹಾಳೆ ತೋರಿಸಿದ್ದೇ ತಡ, ಪಂಚೆಯಲ್ಲಿ ಕೈ ಒರೆಸಿಕೊಂಡು ಎಮ್ಮೆಯನ್ನು ನೋಡಿದ, ಅವನ ಮುಖ ಊರಗಲವಾಯಿತು.

"ನಮ್ಮದಲೇ ಇದು. ಫಾರಿನ್ನಿಗೆಲ್ಲ ಹೋಗೇತೇನು? ಹಾಲು ಕೊಡಾಕ ಮಾತ್ರ ಈಗ ಒಲ್ಲೆ ಅಂತತಿ."

"ಮಾವ, ಈ ಫೋಟೋ ಯಾರು ತಗದ್ರು?"

"ಒಬ್ಬಾವ ಬಂದಿದ್ದನವ್ವ, ಎರಡು ವರ್ಷದ ಹಿಂದ. ಕ್ಯಾಮೆರಾ ಹಾಕ್ಕೊಂಡು. ಊರೂರಿನ ಹಳೇ ಸುದ್ದಿ ಕಂಪ್ಯೂಟರಿಗೆ ಹಾಕ್ತೀನಿ ಅಂದ. ಪಾಪ, ಬಿಸಿಲಾಗ ಬಂದಿದ್ದ. ಮಂಡಕ್ಕಿ ಮೆಣಸಿನಕಾಯಿ ಮಾಡಿಸಿಕೊಟ್ಟೆ. ತಿಂದು ಕೂತು ಎಲ್ಲಾ ಬರ್ಕೊಂಡು ಹೋದ."

"ಸುರಂಗದ ಸುದ್ದಿ ಅವನಿಗೆ ಹೇಳಿದವ್ರು?"

"ಇನ್ಯಾರು ಹೇಳ್ತಾರ? ನಾನಽ."

"ನಿನಗ?"

"ಅಪ್ಪ."

"ಅಜ್ಜಗ ಯಾರು ಹೇಳಿದ್ರು ಮಾವ?"

ಅಣ್ಣ ತಲೆ ಕೆರೆದುಕೊಂಡ. ಆಮೇಲೆ ನನ್ನ ಕಡೆ ತಿರುಗಿ, "ಏನಲೇ ತಂಗಿ, ಮಗಳಿಗೆ ಬಿ.ಎ. ಓದಸ್ತೀಯೋ, ಪೊಲೀಸ್ ಕೆಲಸಕ್ಕ ಕಳಸ್ತೀಯೋ?" ಎಂದ.

ಊಟ ಮಾಡಿ ಮೂವರೂ ಕೆರೆಯ ಏರಿಗೆ ಹೋದೆವು. ನೀರು ಅರ್ಧಕ್ಕಿತ್ತು. ತೂಬಿನ ಕಲ್ಲುಗಳು ಬುಡದವರೆಗೂ ಕಾಣುತ್ತಿದ್ದವು. ಮಗಳು ಚಪ್ಪಲಿ ಬಿಟ್ಟು ಇಳಿದು ಸುತ್ತ ನೋಡಿ ಬಂದಳು. ಬಾಗಿಲಂತೂ ಕಾಣಲಿಲ್ಲ. ಹೂಳಿನೊಳಗೆ ಹೋಗಿರಬೇಕು ಎಂದ ಅಣ್ಣ. ಅವಳು ಏರಿಯ ಮೇಲೆ ಕೂತು ಮತ್ತೆ ಹಾಳೆ ಬಿಡಿಸಿದಳು.

"ಕೊನೀಗೆ ಒಂದು ಸಾಲು ಐತಿ ನೋಡ್ರಿ. ಇದನ್ನ ನಾನು ಬಿಟ್ಟಿದ್ದೆ. ಹಿಂದೆ ಒಂದು ಸಂಕ್ರಾಂತಿ ದಿನ ಈ ಕೆರಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಬಿದ್ದಿತ್ತಂತ. ಅದು ಸುರಂಗದಾಗ ಹೋಗಿ ನೀಲಗುಂದದ ಗುಡಿ ಹತ್ರ ತೇಲಿತ್ತಂತ. ಹಿರಿಯರು ಕಂಡಾರಂತ. ಇದಾದ್ರೂ ಒಂದು ಸಾಕ್ಷಿ ಆಗಬೌದು. ಕಂಡವ್ರು ಯಾರು ಮಾವ?"

"ಯಾರೋ ಹಿರ್ಯಾರು," ಎಂದ ಅಣ್ಣ. "ಅಪ್ಪ ಹಂಗಽ ಹೇಳ್ತಿದ್ದ."

ಆ ರೊಟ್ಟಿ ನನ್ನದು.

ಇಷ್ಟು ವರ್ಷ ಸುರಂಗದ ಕಥೆ ಬೇರೆ, ಆ ದಿನದ ಅಳು ಬೇರೆ ಎಂದೇ ನನ್ನ ನೆನಪಿನಲ್ಲಿದ್ದವು. ನಾನಿನ್ನೂ ಶಾಲೆಗೆ ಹೋಗದ ವಯಸ್ಸು. ಸಂಕ್ರಾಂತಿಗೆ ಬುತ್ತಿ ಕಟ್ಟಿಕೊಂಡು ಎಲ್ಲರೂ ಕೆರೆಗೆ ಬಂದಿದ್ದೆವು. ಅವ್ವ ನನಗೆಂದೇ ಅಂಗೈಯಗಲದ ಒಂದು ರೊಟ್ಟಿ ತಟ್ಟಿ, ಎಳ್ಳು ಹೆಚ್ಚಿಗೆ ಹಚ್ಚಿಕೊಟ್ಟಿದ್ದಳು. ಈ ತೂಬಿನ ಕಲ್ಲಿನ ಮೇಲೆ ಕೂತಿದ್ದಾಗಲೇ ಅದು ಕೈಜಾರಿ ನೀರಿಗೆ ಬಿತ್ತು. ನಾನು ಊರು ಒಂದಾಗುವಂತೆ ಅತ್ತೆ. ಆಗ ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು, ಅಳಬೇಡ, ಅದು ಎಲ್ಲೂ ಹೋಗಿಲ್ಲ, ಕೆಳಗೆ ಕಂಚಿನ ಬಾಗಿಲಿದೆ, ಅಲ್ಲಿಂದ ಹೋಗಿ ನೀಲಗುಂದದಲ್ಲಿ ತೇಲುತ್ತದೆ, ಭೀಮೇಶ್ವರ ತಿನ್ನುತ್ತಾನೆ ಎಂದಿದ್ದ. ನಾನು ಅಳು ನಿಲ್ಲಿಸಿ, ಎಳ್ಳೂ ತಿನ್ನುತ್ತಾನಾ ಎಂದು ಕೇಳಿದ್ದೆ. ಅಣ್ಣ ಆ ದಿನ ನಮ್ಮ ಜೊತೆ ಇರಲಿಲ್ಲ, ಸೋದರತ್ತೆಯ ಊರಿಗೆ ಹೋಗಿದ್ದ. ಅವನಿಗೆ ಅಪ್ಪ ಇದನ್ನು ಆಮೇಲೆ ಯಾವಾಗಲೋ ಹೇಳಿರಬೇಕು, ಹೇಳುತ್ತಾ ಹೇಳುತ್ತಾ ರೊಟ್ಟಿ ಯಾರದೋ ಆಗಿರಬೇಕು.

ಅಂದರೆ ಬಾಗಿಲು, ಸುರಂಗ, ತೇಲಿದ ರೊಟ್ಟಿ, ಎಲ್ಲವೂ ಈ ಕಲ್ಲಿನ ಮೇಲೆ ಹುಟ್ಟಿದ್ದು, ನನ್ನ ಅಳು ನಿಲ್ಲಿಸಲು.

ನಾನು ಬಾಯಿ ಬಿಡದಿದ್ದರೆ ಆಗುತ್ತಿತ್ತು. ಮಗಳ ಕೈಯಲ್ಲಿ ಪೆನ್ಸಿಲ್ ಇತ್ತು, ಅಣ್ಣ ಹಿರಿಯರು ಎಂದಿದ್ದ, ಅವಳು ಹಾಗೆಂದು ಬರೆದುಕೊಂಡರೆ ಅಧ್ಯಾಯ ಉಳಿಯುತ್ತಿತ್ತು. ಬಳ್ಳಾರಿ, ಎಂ.ಎ., ಎಲ್ಲವೂ ಅದರ ಮೇಲೆ ನಿಂತಿತ್ತು. ಅಪ್ಪನ ಮಾತೂ ನಿಲ್ಲುತ್ತಿತ್ತು. ಸೆರಗಿನ ಮೇಲಿಂದಲೇ ಕೊರಳಿನ ಲಿಂಗದ ಕರಡಿಗೆಯನ್ನು ಹಿಡಿದುಕೊಂಡೆ. ಒಳಗಿದ್ದವನು ಏನೂ ಹೇಳಲಿಲ್ಲ. ಅವನು ಹೇಳುವುದೂ ಇಲ್ಲ.

"ಬರ್ಕೋಬ್ಯಾಡ," ಎಂದೆ. "ಆ ರೊಟ್ಟಿ ನಂದು."

ಎಲ್ಲವನ್ನೂ ಹೇಳಿದೆ. ಅಣ್ಣ ಮೊದಲು ನಂಬಲಿಲ್ಲ, ಆಮೇಲೆ ತೂಬಿನ ಕಲ್ಲನ್ನೇ ನೋಡುತ್ತಾ ಕೂತ. "ನಿನ್ನ ಸಮಾಧಾನ ಮಾಡಾಕ ಹೇಳಿದ್ದನ್ನ ನಾನು ಊರಿಗೆಲ್ಲ ಹಂಚೀನೇನು? ಮುದುಕ ಚಲೋ ಮಾಡಿದ," ಎಂದು ಮೆಲ್ಲಗೆ ನಗತೊಡಗಿದ. ನಗುನಗುತ್ತಾ ಕಣ್ಣೊರೆಸಿಕೊಂಡ.

ಮಗಳು ನಗಲಿಲ್ಲ. ಪೆನ್ಸಿಲ್ಲನ್ನು ಹಾಳೆಗಳೊಳಗಿಟ್ಟು ಮಡಿಚಿದಳು. ವಾಪಸು ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದವಳು, ಕೊಟ್ಟೂರು ಹತ್ತಿರ ಬಂದಾಗ, "ಅಧ್ಯಾಯ ಹೋತಲ್ಲವ್ವ" ಎಂದಳು. ನಾನು ಅವಳ ಕೈ ಹಿಡಿದುಕೊಂಡೆ. ಸ್ವಲ್ಪ ಹೊತ್ತಿಗೆ ಅವಳೇ, "ಸುಳ್ಳಂತ ತಗದು ಹಾಕೋದು ಬ್ಯಾಡ. ಬಾಯಿಂದ ಬಾಯಿಗೆ ಹೆಂಗ ಹೋತು ಅನ್ನೋದಽ ಬರಿತೀನಿ" ಎಂದಳು.

ಹಾಗೆಯೇ ಬರೆದಳು. ತಂದೆಯೊಬ್ಬ ಮಗುವನ್ನು ಸಮಾಧಾನ ಮಾಡಲು ಹೇಳಿದ ಮಾತು ಮಗನ ಬಾಯಿಗೆ ಹೋಗಿ, ಮಂಡಕ್ಕಿ ತಿಂದವನ ಕಿವಿಗೆ ಬಿದ್ದು, ನಾಲ್ಕು ವೆಬ್‌ಸೈಟ್ ಆದದ್ದನ್ನು ಬರೆದಳು. ಉಳಿದ ಕೆರೆಗಳನ್ನೂ ಮೊದಲಿನಿಂದ ತಿರುವಿಹಾಕಿದಳು. ಯಾರು ಬರೆದದ್ದು, ಅವರು ಆ ಊರಿಗೆ ಹೋಗಿದ್ದರೇ, ಯಾರಿಂದ ಕೇಳಿದೆವೆಂದು ಹೇಳಿದ್ದಾರೆಯೇ, ಇದನ್ನು ಹೇಳಿ ಅವರು ಏನಾದರೂ ಮಾರಲು ಹೊರಟಿದ್ದಾರೆಯೇ ಎಂದು ನೋಡುತ್ತಿದ್ದಳು. ಒಂದು ಕೆರೆಯ ನೀರನ್ನು ಬಹಳ ಹೊಗಳಿದ್ದ ಪುಟದ ಕೆಳಗೆ ಕೂದಲೆಣ್ಣೆಯ ಜಾಹೀರಾತಿತ್ತು, ಅದನ್ನು ಬಿಟ್ಟಳು. ಹಂಪಸಾಗರದ ಕಡೆಯ ಒಂದು ಪುಟದಲ್ಲಿ ಬರೆದವರು ತಾವು ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂದು ಬೇರೆ ಬೇರೆ ಹೇಳಿದ್ದರು. ಅದನ್ನು ಇಟ್ಟುಕೊಂಡಳು, ಆದರೂ ಅವರಪ್ಪನನ್ನು ಎಬ್ಬಿಸಿಕೊಂಡು ಹೋಗಿ ಒಮ್ಮೆ ನೋಡಿಕೊಂಡು ಬಂದಳು. ಬೇಳೆ ಆರಿಸಿದ ಮೇಲೆ ಮೊರದಲ್ಲಿ ಸ್ವಲ್ಪವೇ ಉಳಿಯುತ್ತದಲ್ಲ, ಹಾಗೆ ಪ್ರಾಜೆಕ್ಟ್ ತೆಳ್ಳಗಾಯಿತು.

ಕೊನೆಯಲ್ಲಿ ಯಾರು ಯಾರಿಂದ ಏನು ತಿಳಿಯಿತೆಂದು ಬರೆಯುವ ಜಾಗದಲ್ಲಿ ನನ್ನನ್ನೂ ಸೇರಿಸಿದ್ದಳು. ತಾಯಿ, ಗೃಹಿಣಿ, ಕೊಟ್ಟೂರು. ಎಲ್ಲರ ಮುಂದೆ ಓದಿಸಿದ ದಿನ ಮೇಡಂ ಅದರ ಮೇಲೆ ಬೆರಳಿಟ್ಟು ಕೇಳಿದರಂತೆ, ನಿಮ್ಮ ತಾಯಿಯ ಮಾತನ್ನು ಹೇಗೆ ನಂಬುವುದು ಎಂದು.

"ಪೂರಾ ನಂಬಬ್ಯಾಡ್ರಿ ಮೇಡಂ," ಎಂದಳಂತೆ ಇವಳು. "ಅವ್ರು ರೊಟ್ಟಿ ಬಿದ್ದದ್ದು ನೋಡ್ಯಾರ. ತೇಲಿದ್ದು ನೋಡಿಲ್ಲ."

ಮೇಡಂ ಬಹಳ ಮೆಚ್ಚಿಕೊಂಡರು. ಆದರೆ ಬಳ್ಳಾರಿಗೆ ಆರಿಸಿದ್ದು ನೇಕಾರಿಕೆಯ ಮೇಲೆ ಬರೆದಿದ್ದ ಇನ್ನೊಬ್ಬ ಹುಡುಗಿಯದನ್ನು. ಅದು ಇವಳದಕ್ಕಿಂತ ಚೆನ್ನಾಗಿತ್ತೆಂದು ಇವಳೇ ಹೇಳಿದಳು, ಹೇಳಿ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಯಜಮಾನರು ಮಾತಿನಂತೆ ನಡೆಯುವವರು. ಎರಡು ದಿನ ಬಿಟ್ಟು ಶರ್ಟು ಇಸ್ತ್ರಿ ಮಾಡಿಸಿಕೊಂಡು ಹರಪನಹಳ್ಳಿಗೆ ಹೊರಟರು, ಅವರನ್ನು ಕರೆಯುವ ಮುಂಚೆ ಹುಡುಗನ ಬಗ್ಗೆ ವಿಚಾರಿಸಲು. ನಮ್ಮ ಅತ್ತೆ ಬಾಗಿಲವರೆಗೆ ಹೋಗಿ ಕಳಿಸಿಬಂದರು.

ಸಂಜೆ ಬಂದವರು ಚಪ್ಪಲಿ ಬಿಟ್ಟು, ನೀರು ಕುಡಿದು, ಗೋಡೆಗೊರಗಿ ಕೂತರು. ಮಗಳು ಅಡುಗೆಮನೆಯಲ್ಲಿ ನನ್ನ ಪಕ್ಕ ನಿಂತು ಹಿಟ್ಟು ನಾದುತ್ತಿದ್ದಳು, ಕೈ ಮಾತ್ರ ಆಡುತ್ತಿತ್ತು.

"ಏನಂದ್ರಪ್ಪ ಊರಾಗ?" ಅತ್ತೆ ಕೇಳಿದರು.

"ನಾಲ್ಕು ಮಂದೀನ ಕೇಳಿದೆ. ನಾಲ್ಕೂ ಮಂದಿ ಹುಡುಗ ಬಂಗಾರ ಅಂದ್ರು."

"ನಾ ಹೇಳ್ಲಿಲ್ಲೇನು."

"ನಿಮಗ ಯಾರು ಹೇಳಿದ್ರು ಅಂತ ಒಬ್ಬೊಬ್ರನ್ನೂ ತಿರುಗಿ ಕೇಳಿದೆ. ನಾಲ್ಕೂ ಮಂದಿ ಹುಡುಗನ ದೊಡ್ಡಪ್ಪನ ಹೆಸ್ರು ಹೇಳಿದ್ರು." ಅವರು ಅಡುಗೆಮನೆಯ ಕಡೆ ನೋಡಿ ದನಿ ಏರಿಸಿದರು. "ಅದಽ ಎಮ್ಮಿ, ಯವ್ವ. ನಾಲ್ಕೂ ಕಡಿ."

ಮಗಳು ಹಿಟ್ಟಿನ ಕೈಯಲ್ಲೇ ಹೊರಗೆ ಹೋದಳು. ಹುಡುಗ ಕೆಟ್ಟವನೆಂದು ನಾವು ಅನ್ನಲಿಲ್ಲ. ಒಳ್ಳೆಯವನೇ ಇರಬಹುದು, ನನಗೆ ಸಿಗಲಿಲ್ಲವೇ? ಯಜಮಾನರು ಹೇಳಿದ್ದು ಇಷ್ಟೇ: ಸರಿಯಾಗಿ ವಿಚಾರಿಸಲು ಇನ್ನೂ ಟೈಮ್ ಬೇಕು, ಅಷ್ಟರ ತನಕ ಹುಡುಗಿ ಮನೆಯಲ್ಲಿ ಸುಮ್ಮನೆ ಕೂತು ಏನು ಮಾಡುತ್ತಾಳೆ, ಎಂ.ಎ. ಅರ್ಜಿ ತರಲಿ. ಅತ್ತೆ ಸ್ವಲ್ಪ ದಿನ ಮುಖ ಗಂಟು ಹಾಕಿಕೊಂಡಿದ್ದರು. ಆಮೇಲೆ ಹಾಸ್ಟೆಲ್ಲಿಗೆಂದು ಗುರೆಳ್ಳು ಪುಡಿ ಕುಟ್ಟಿದವರೂ ಅವರೇ. ಯಜಮಾನರು ಆ ಮಾತು ಹೇಳಿದ ಸಂಜೆ ದೀಪದ ಮುಂದೆ ನನಗೆ ಒಪ್ಪಿಸಲು ಬಹಳ ಇತ್ತು, ಎಣ್ಣೆ ತೀರುವ ತನಕ ಕೂತಿದ್ದೆ.

ಮುಂದಿನ ಸಂಕ್ರಾಂತಿಗೆ ಅವಳು ರಜೆಯಲ್ಲಿ ಬಂದಾಗ ಎಲ್ಲರೂ ಬುತ್ತಿ ಕಟ್ಟಿಕೊಂಡು ತವರಿನ ಕೆರೆಗೆ ಹೋದೆವು. ಎಮ್ಮೆ ನೀರಿನಲ್ಲಿತ್ತು. ವೆಬ್‌ಸೈಟುಗಳಿಗೆ ಅವಳು ಪತ್ರ ಬರೆದಿದ್ದಳಂತೆ, ಒಂದರವರು ಸಹ ಉತ್ತರ ಕೊಟ್ಟಿರಲಿಲ್ಲ. ಸುರಂಗ ಅಲ್ಲಿ ಇನ್ನೂ ಹಾಗೆಯೇ ಇತ್ತು. ಊಟ ಆದಮೇಲೆ ಅವಳು ತೂಬಿನ ಕಲ್ಲಿನ ಮೇಲೆ ಕೂತು, ಎಳ್ಳು ಹಚ್ಚಿದ ರೊಟ್ಟಿಯ ಒಂದು ಚೂರು ಮುರಿದು ನೀರಿಗೆ ಬಿಟ್ಟಳು. ಅದು ಸ್ವಲ್ಪ ತೇಲಿ, ತಿರುಗಿ, ಕೆಳಗಿಳಿಯಿತು.

"ನೀಲಗುಂದಕ್ಕ ಹೋಗ್ತತೇನವ್ವ?" ಎಂದಳು.

"ಹೋಗ್ತತಿ," ಎಂದೆ. "ಬರ್ಕೋಬ್ಯಾಡ ಅಷ್ಟಽ."